ರಾತ್ರಿ ಸಾಲಿಗೆ ರೊಕ್ಕ ಯಾವ ಹೆಡ್ಡಿನಾಗಿಂದ? ಗದಗ ಜಿಲ್ಲಾದ ಒಂದು ಪಂಚಾಯ್ತಿಯ ಪ್ರಕರಣ

ಗದಗ ಜಿಲ್ಲಾದಾಗಿನ ಒಂದು ಗ್ರಾಮ ಪಂಚಾಯ್ತಿ ತನ್ನ ಸ್ವಂತ ಕರದ ರೊಕ್ಕದಾಗ ದೊಡ್ಡವರ ರಾತ್ರಿ ಸಾಲಿ ನಡಿಸಿದ ಪ್ರಕರಣ ಇದು. ಊರಿನ ಹೆಸರು, ಮಂದಿ ಹೆಸರು ಯಾವುದೂ ಹಾಕಿಲ್ಲ, ಗುರುತು ಸಿಗೋವಂಥ ಒಂದೆರಡು ವಿವರ ಬದಲಿ ಮಾಡೇನಿ, ಆದ್ರ ಯಾವ ನಿರ್ಧಾರ ಯಾರು ಯಾಕ ತಗೊಂಡ್ರು ಅನ್ನೋದನ್ನ ಮಾತ್ರ ಮುಟ್ಟಿಲ್ಲ. ನಾನು ಪಂಚಾಯ್ತಿ ಸದಸ್ಯರಿಗೆ ಮತ್ತ ಮಹಿಳಾ ಸಂಘದವ್ರಿಗೆ ತರಬೇತಿ ಕೊಡೋ ಕೆಲಸದಾಗ ಇರೋದ್ರಿಂದ ಇವ್ರ ಜೋಡಿ ಒಡನಾಟ ಇತ್ತು. ಬ್ಯಾರೆ ಕಡೆ ಹೋದಾಗೆಲ್ಲಾ "ನಮ್ಮೂರಾಗೂ ಮಾಡಬೇಕಂತೀವ್ರಿ, ರೊಕ್ಕ ಎಲ್ಲಿಂದ ತರೂದು" ಅಂತ ಕೇಳ್ತಾರ, ಅವ್ರಿಗೆ ಉಪಯೋಗ ಆಗ್ಲಿ ಅಂತ ಪೂರಾ ಬರ್ಯಾಕತ್ತೇನಿ.

ಹಿನ್ನೆಲೆ

ಪಂಚಾಯ್ತಿಗೆ ಮೂರು ಹಳ್ಳಿ. ಎರಿ ಭೂಮಿ, ಮುಂಗಾರಿಗೆ ಹೆಸರು ಉಳ್ಳಾಗಡ್ಡಿ, ಹತ್ತಿ, ಹಿಂಗಾರಿಗೆ ಜ್ವಾಳ ಕಡ್ಲಿ. ನೀರಾವರಿ ಅಷ್ಟಕ್ಕಷ್ಟ, ಹಂಗಾಗಿ ಬ್ಯಾಸಗಿಗೆ ಅರ್ಧ ಊರು ಉದ್ಯೋಗ ಖಾತ್ರಿ ಕೆಲಸಕ್ಕ ಹೋಗ್ತೇತಿ, ಇನ್ನೊಂದಿಷ್ಟು ಮಂದಿ ಗೋವಾ, ಮಂಗಳೂರು ಕಡೆ ದುಡ್ಯಾಕ ಹೋಗ್ತಾರ.

2009ರ ಸೆಪ್ಟೆಂಬರ್ 8ಕ್ಕ, ಅಂದ್ರ ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ಕೇಂದ್ರ ಸರ್ಕಾರ ಸಾಕ್ಷರ ಭಾರತ ಅಂತ ಕಾರ್ಯಕ್ರಮ ಸುರು ಮಾಡಿತ್ತು. 2001ರ ಜನಗಣತಿ ಪ್ರಕಾರ ವಯಸ್ಕ ಹೆಣ್ಮಕ್ಕಳ ಸಾಕ್ಷರತೆ ಶೇ 50 ಅಥವಾ ಅದಕ್ಕಿಂತ ಕಡಿಮಿ ಇದ್ದ ಜಿಲ್ಲಾಗಳಿಗೆ ಅದು. ಪ್ರತಿ ಪಂಚಾಯ್ತಿಗೊಂದು ಲೋಕ ಶಿಕ್ಷಣ ಕೇಂದ್ರ, ಅದಕ್ಕ ಇಬ್ಬರು ಪ್ರೇರಕರು (ಕೇಂದ್ರ ನೋಡಕೊಳ್ಳೋವ್ರು), ಒಬ್ಬೊಬ್ಬರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನ. ದಿನಾ ಕುಂತು ಅಕ್ಷರ ಕಲಿಸೋ ಸ್ವಯಂಸೇವಕರಿಗೆ ಮಾತ್ರ ಏನೂ ಇದ್ದಿಲ್ಲ. ಈ ಊರಾಗೂ ಕೇಂದ್ರ ಬಂತು, ಒಂದು ಕಪಾಟು, ಕರಿಹಲಗಿ, ಕ್ಯಾರಂ ಬೋರ್ಡು, ಒಂದಿಷ್ಟು ಪುಸ್ತಕ ಬಂದ್ವು, ಹೆಣ್ಮಕ್ಕಳು ಬಂದು ಕಲತ್ರು, ಪರೀಕ್ಷಾನೂ ಬರದ್ರು. 2018ರ ಮಾರ್ಚಿಗೆ ಕಾರ್ಯಕ್ರಮ ಮುಗೀತು. ಮುಗಿಯೋ ಹೊತ್ತಿಗೆ ಪ್ರೇರಕರ ಗೌರವಧನ ಎಷ್ಟೋ ತಿಂಗಳ ಬಾಕಿ ಉಳದಿತ್ತು. ಇಬ್ಬರೊಳಗ ಒಬ್ಬಾಕಿ ಗದಗಕ್ಕ ಹೊಲಿಗಿ ಕೆಲಸಕ್ಕ ಹೋದ್ಲು, ಇನ್ನೊಬ್ಬಾಕಿ ಊರಾಗ ಉಳದ್ಲು, ಆಕೀನ ಇಲ್ಲಿ ಅಕ್ಕಾರು ಅಂತ ಕರೀತೀನಿ, ಊರವ್ರು ಕರಿಯೋದೂ ಹಂಗ. ಕೇಂದ್ರಕ್ಕ ಕೀಲಿ ಬಿತ್ತು.

ಸಮಸ್ಯೆ

ಅಕ್ಷರ ಬರದವ್ರು ಊರಾಗ ಇನ್ನೂ ಅದಾರ ಅನ್ನೋದು ಎಲ್ಲಾರಿಗೂ ಗೊತ್ತಿತ್ತು. ಅದಕ್ಕಿಂತ ದೊಡ್ಡ ಪೆಟ್ಟು ಯಾವುದಂದ್ರ ಕಲತವ್ರು ಮರತದ್ದು. ಪರೀಕ್ಷಾ ಪಾಸಾಗಿ ಸರ್ಟಿಫಿಕೇಟ್ ತಗೊಂಡ ಹೆಣ್ಮಕ್ಕಳು ಎರಡು ಮೂರು ವರ್ಷದಾಗ ಮತ್ತ ಹೆಬ್ಬೆಟ್ಟಿಗೆ ಬಂದಿದ್ರು, ಯಾಕಂದ್ರ ಸಹಿ ಒಂದು ಬಿಟ್ರ ಓದೋದು ಬರೆಯೋದು ಅವ್ರ ದಿನದ ಬದುಕಿನಾಗ ಎಲ್ಲೂ ಇರ್ಲಿಲ್ಲ, ಓದಾಕ ಕೂಡೋ ಜಾಗಕ್ಕೂ ಕೀಲಿ ಬಿದ್ದಿತ್ತು. ಒಂಬತ್ತು ವರ್ಷ ಸರ್ಕಾರ ಹಾಕಿದ ರೊಕ್ಕ ಹಿಂಗ ಸೋರಿ ಹೋಗೋದನ್ನ ನೋಡಿ ಹೊಟ್ಟಿ ಉರೀತಿತ್ತು.

ವಿಷಯ ಎದ್ದದ್ದು ಸಂಘದ ಜಗಳದಿಂದ. ಒಂದು ಸ್ವಸಹಾಯ ಸಂಘದಾಗ ಒಬ್ಬಾಕಿ ಸಾಲದ ಕಂತು ಕಟ್ಟಿದ್ಲು, ಪಾಸ್‌ಬುಕ್ಕಿನಾಗ ಅದು ಮತ್ತೊಬ್ಬಾಕಿ ಹೆಸರಿನ ಮುಂದ ಬಿದ್ದಿತ್ತು. ಬರದಾಕಿ ಬೇಕಂತ ಮಾಡಿದ್ದಲ್ಲ, ಆದ್ರ ಸಂಘದ ಉಳದವ್ರೊಳಗ ಒಬ್ಬರಿಗೂ ಪುಸ್ತಕ ಓದಾಕ ಬರದ್ದಕ್ಕ ತಪ್ಪು ತಿಂಗಳಗಟ್ಲೆ ಹಂಗ ಉಳೀತು, ಗೊತ್ತಾದ ಮ್ಯಾಲೆ ಸಂಘ ಒಡಿಯೋ ಹಂತಕ್ಕ ಬಂತು. ಮುಂದಿನ ಗ್ರಾಮಸಭಾದಾಗ ಹೆಣ್ಮಕ್ಕಳು ಎದ್ದು ನಿಂತು ಕೇಳಿದ್ದು ಇಷ್ಟ: "ನಮ್ಮ ಲೆಕ್ಕ ನಾವು ಓದೂ ಅಷ್ಟು ಕಲಸ್ರಿ, ಬಾಕಿದ್ದು ಆಮ್ಯಾಲೆ ನೋಡೂಣು." 2020ರ ಡಿಸೆಂಬರ್ ಚುನಾವಣಿ ಮುಗದು ಹೊಸಾ ಬಾಡಿ ಬಂದಿತ್ತು, ಹೊಸಾ ಸದಸ್ಯರೊಳಗ ಅರ್ಧ ಹೆಣ್ಮಕ್ಕಳು, ಅದರಾಗ ಒಬ್ಬಾಕಿ ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳು ಕೂಡಿ ಮಾಡಿಕೊಂಡ ಒಕ್ಕೂಟ) ಅಧ್ಯಕ್ಷಿ. ಹಂಗಾಗಿ ಈ ಬೇಡಿಕಿ ನಡಾವಳಿ ಪುಸ್ತಕದಾಗ ಬರೀ ಒಂದು ಸಾಲಾಗಿ ಉಳೀಲಿಲ್ಲ.

ಏನೇನು ಮಾಡಿ ನೋಡಿದ್ರು

ಮೊದಲು ಮ್ಯಾಲಿನ ಕಚೇರಿಗೆ ಪತ್ರ ಬರದ್ರು. ಹಳೇ ಕಾರ್ಯಕ್ರಮ ಮುಗದೈತಿ, ಹೊಸಾದು ಬಂದಾಗ ತಿಳಸ್ತೀವಿ ಅಂತ ಉತ್ತರ ಬಂತು. ಆಮ್ಯಾಲೆ ಊರಿನ ಕಾಲೇಜ್ ಹುಡುಗ್ರು ನಾವು ಕಲಸ್ತೀವಿ ಅಂದ್ರು, ಖುಷಿಯಿಂದ ಬಂದ್ರು, ಚೊಲೋ ಕಲಿಸಿದ್ರು ಕೂಡ, ಸೆಮಿಸ್ಟರ್ ಪರೀಕ್ಷಾ ಬಂದ ಕೂಡಲೇ ನಿಂತು ಹೋತು. ಆ ಹುಡುಗ್ರ ಮ್ಯಾಲೆ ನನಗ ಏನೂ ಬ್ಯಾಸರ ಇಲ್ಲ, ತಮ್ಮ ಓದು ಬಿಟ್ಟು ಬರ್ರಿ ಅಂತ ಯಾರೂ ಹೇಳಾಕ ಆಗೂದಿಲ್ಲ. ಆದ್ರ ರಾತ್ರಿ ಒಲಿ ಆರಿಸಿ, ಅತ್ತಿಗೆ ಉಣ್ಣಾಕ ಕೊಟ್ಟು, ಓಣ್ಯಾಗ ನಾಕು ಮಂದಿ ನೋಡ್ತಿದ್ರೂ ಪಾಟಿ ಹಿಡಕೊಂಡು ಬಂದ ಹೆಣ್ಮಗಳಿಗೆ ಕೇಂದ್ರದ ಬಾಗಿಲು ಹಾಕಿದ್ದು ಕಂಡ್ರ ಆಕಿ ಎರಡನೇ ಸಲ ಬರೂದಿಲ್ಲ. ಕೊಡೋದು ಕಡಿಮಿ ಆದ್ರೂ ತಪ್ಪದಂಗ ಪಗಾರ ತಗೊಂಡು ತಪ್ಪದಂಗ ಬಾಗಿಲು ತಗಿಯೋ ಒಬ್ಬರು ಬೇಕು ಅನ್ನೋದು ಅಲ್ಲೇ ಎಲ್ಲಾರಿಗೂ ಖಾತ್ರಿ ಆತು.

ಆವಾಗ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮೇಡಂ ಸಂವಿಧಾನದ 11ನೇ ಅನುಸೂಚಿ ತಗದು ತೋರಿಸಿದ್ರು. 73ನೇ ತಿದ್ದುಪಡಿಯಾಗ, 1993ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು, ಪಂಚಾಯ್ತಿಗೆ ವಹಿಸಬಹುದಾದ 29 ವಿಷಯ ಅದಾವ. ಅದರಾಗ 19ನೇದ್ದು ವಯಸ್ಕರ ಮತ್ತು ಅನೌಪಚಾರಿಕ ಶಿಕ್ಷಣ, 20ನೇದ್ದು ಗ್ರಂಥಾಲಯ. ಅಂದ್ರ ಇದು ಪಂಚಾಯ್ತಿ ಕೆಲಸ ಹೌದೋ ಅಲ್ಲೋ ಅನ್ನೋ ಪ್ರಶ್ನಿಗೆ ಉತ್ತರ ಮೂವತ್ತು ವರ್ಷದ ಹಿಂದೆ ಬರದು ಇಟ್ಟಾರ. ಸದಸ್ಯರೊಳಗ ಬಾಳ ಮಂದಿಗೆ ಇದು ಹೊಸಾ ಸುದ್ದಿ.

ಕೆಲಸ ಕೊಟ್ಟಾರ, ಅದಕ್ಕ ರೊಕ್ಕ? ಇಲ್ಲಿ ಸ್ವಲ್ಪ ವಿವರ ಬೇಕು, ಯಾಕಂದ್ರ ಎಲ್ಲಾ ಪಂಚಾಯ್ತಿ ಸಿಕ್ಕಿ ಬೀಳೋದು ಇಲ್ಲೇ. 15ನೇ ಹಣಕಾಸು ಆಯೋಗದ ಅನುದಾನದಾಗ 2021-22ರಿಂದ 2025-26ರ ತನಕ ಶೇ 60 ನಿರ್ಬಂಧಿತ ಇತ್ತು, ಅದು ಕುಡಿಯೋ ನೀರು ಮತ್ತ ನೈರ್ಮಲ್ಯಕ್ಕ ಮಾತ್ರ. ಉಳದ ಶೇ 40 ಅನಿರ್ಬಂಧಿತ, ಅದನ್ನ 29 ವಿಷಯದಾಗ ಊರಿಗೆ ಬೇಕಾದ್ದಕ್ಕ ಹಾಕಬಹುದಿತ್ತು, ಆದ್ರ ಸಂಬಳ ಮತ್ತ ಆಡಳಿತ ವೆಚ್ಚಕ್ಕ ಹಾಕೂ ಹಂಗಿರ್ಲಿಲ್ಲ. ಹಿಂಗಾಗಿ ಆ ರೊಕ್ಕದಾಗ ಕೇಂದ್ರದ ಛಾವಣಿ ರಿಪೇರಿ ಆತು, ಲೈಟು, ಫ್ಯಾನು, ಹೊಸಾ ಹಲಗಿ ಬಂತು. ಕಲಸಾಕಿಗೆ ಕೊಡಾಕ ಒಂದು ರೂಪಾಯಿನೂ ಅದರಾಗ ತಗಿಯಾಕ ಬರ್ಲಿಲ್ಲ. ನಮ್ಮ ದೇಶದಾಗಷ್ಟ ಅಲ್ಲ, ಬಡ ದೇಶಗಳ ವಯಸ್ಕ ಶಿಕ್ಷಣದ ರೊಕ್ಕದ ಕತಿನ ಇದು: ಕಟ್ಟಡಕ್ಕ, ಪುಸ್ತಕಕ್ಕ, ಉದ್ಘಾಟನಾಕ್ಕ ಯಾವುದರ ಒಂದು ಹೆಡ್ (ಲೆಕ್ಕದ ಬಾಬ್ತು) ಸಿಗ್ತೇತಿ, ಕಲಸೋ ಮನಷ್ಯಾಗ ಸಿಗೂದಿಲ್ಲ, ಆ ಜಾಗಾದಾಗ ಸೇವಾ ಮನೋಭಾವ ಅಂತ ಬರದಿರ್ತಾರ.

ಆ ಮೀಟಿಂಗು

ಉಳದದ್ದು ಒಂದ ದಾರಿ, ಸ್ವಂತ ಸಂಪನ್ಮೂಲ, ಅಂದ್ರ ಮನಿ ಕರ, ನೀರಿನ ಕರ, ಸಂತಿ ಕರ, ಮೊಬೈಲ್ ಟವರ್ ಶುಲ್ಕ. ಇದರಾಗ ವಾಟರ್‌ಮನ್ ಪಗಾರ, ಬಲ್ಬು, ಮೋಟಾರ್ ರಿಪೇರಿ ಅಂತ ಖರ್ಚು ಮೊದಲ ತುಂಬಿರ್ತಾವ. ಸಾಮಾನ್ಯ ಸಭಾದಾಗ ವಿಷಯ ಇಟ್ಟಾಗ ಮೂರು ಸಲ ಆರಿಸಿ ಬಂದ ಹಿರಿ ಸದಸ್ಯರೊಬ್ಬರು ಖಡಾಖಂಡಿತ ಬ್ಯಾಡ ಅಂದ್ರು.

"ಮೇಡಂ ಅವ್ರ, ಮಳಿ ಬಂದ್ರ ನನ್ನ ಓಣ್ಯಾಗ ಗಟಾರದ ನೀರು ಮನಿಯೊಳಗ ಬರ್ತೇತಿ. ಆ ಮಂದಿಗೆ ನಾ ಏನಂತ ಹೇಳ್ಲಿ, ರೊಕ್ಕ ಓದ್ಸಾಕ ಹೋತು ಅಂತ ಹೇಳ್ಲ್ಯಾ?"

ಅವ್ರು ಹೇಳಿದ್ದು ಸುಳ್ಳಲ್ಲ. ಆ ಓಣಿ ನಾನೂ ನೋಡೇನಿ. ಓದಿನ ಪರ ಇದ್ದವ್ರು ಅವ್ರಿಗೆ ಹಳೇ ಕಾಲದಾವ್ರು ಅಂತ ಹಣೆಪಟ್ಟಿ ಹಚ್ಚಿ ವೋಟಿನ ಮ್ಯಾಲೆ ಗೆಲ್ಲಬಹುದಿತ್ತು, ಸಂಖ್ಯಾ ಇತ್ತು, ಹಂಗ ಮಾಡ್ಲಿಲ್ಲ. ಪಿಡಿಒ ಮೇಡಂ ಲೆಕ್ಕ ಇಟ್ರು: "ಅಣ್ಣಾರ, ನಿಮ್ಮ ಗಟಾರಕ್ಕ ನಿರ್ಬಂಧಿತ ಅನುದಾನ ಐತಿ, ಉದ್ಯೋಗ ಖಾತ್ರಿಯಾಗೂ ತಗಿಯಾಕ ಬರ್ತೇತಿ. ಮನಷ್ಯಾಗ ಗೌರವಧನ ಕೊಡಾಕ ಬರೂದು ಈ ಒಂದ ರೊಕ್ಕದಾಗ. ಇದನ್ನ ಗಟಾರಕ್ಕ ಹಾಕಿದ್ರ ಗಟಾರ ಆಗ್ತೇತಿ, ಸಾಲಿ ಎಂದೂ ಆಗೂದಿಲ್ಲ." ಹಿರಿಯಾರು ಸುಮ್ಮನ ಕುಂತು ಕೇಳಿ ಒಂದು ಶರತ್ತು ಹಾಕಿದ್ರು: ಈಗ ಬರೋ ರೊಕ್ಕಕ್ಕ ಕೈ ಹಚ್ಚಬ್ಯಾಡ್ರಿ, ಕರದ ಬಾಕಿ ಐತೆಲ್ಲ, ಅದನ್ನ ವಸೂಲಿ ಮಾಡಿ ಬಂದದ್ರಾಗ ಏನರ ಮಾಡ್ರಿ.

ಒಕ್ಕೂಟದ ಅಧ್ಯಕ್ಷಿ ಅಲ್ಲೇ ಎದ್ಲು. "ಆತು ಕಾಕಾ, ಬಾಕಿ ನಾವು ಕಟ್ಟಸ್ತೀವಿ. ಬಂದದ್ರಾಗ ಅರ್ಧ ನಿಮ್ಮ ಗಟಾರಕ್ಕ, ಅರ್ಧ ನಮ್ಮ ಸಾಲಿಗೆ. ಠರಾವಿನಾಗ ಬರೀರಿ."

ಬರದ್ರು. ಈ ಇಡೀ ಪ್ರಕರಣದಾಗ ದಾರಿ ತಿರುಗಿದ್ದು ಇಲ್ಲೇ ಅಂತ ನನ್ನ ಅಭಿಪ್ರಾಯ. ವಿರೋಧ ಮಾಡಿದವ್ರಿಗೂ ಸಾಲಿ ನಡದ್ರ ಲಾಭ ಅನ್ನೋವಂಗ ಒಂದು ಗಂಟು ಹಾಕಿದ್ರು, ಆಮ್ಯಾಲೆ ಅದೇ ಹಿರಿಯಾರು ಬಿಲ್ ಕಲೆಕ್ಟರ್ ಜೋಡಿ ತಾವ ಮನಿ ಮನಿಗೆ ಹೋದ್ರು. 1905ರಾಗ ದೇಶದ ಮೊದಮೊದಲ ಸಹಕಾರಿ ಸಂಘಗಳೊಳಗ ಒಂದು ಹುಟ್ಟಿದ್ದು ಇದೇ ಗದಗ ಸೀಮಿಯ ಕಣಗಿನಹಾಳದಾಗ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು. ಊರ ಮಂದಿ ಕೂಡಿ ರೊಕ್ಕ ಹಾಕಿ ಊರ ಕೆಲಸ ಮಾಡೋದು ಈ ಕಡಿ ಮಂದಿಗೆ ಯಾರೂ ಹೊಸದಾಗಿ ಹೇಳಿ ಕೊಡಬೇಕಾಗಿಲ್ಲ.

ಸಂಘದ ಹೆಣ್ಮಕ್ಕಳು ಕರ ಕಟ್ರಿ ಅಂತ ಹೋದಾಗ ಮಂದಿ ಕೇಳಿದ ಮೊದಲ ಪ್ರಶ್ನಿ, ಕಟ್ಟಿದ ರೊಕ್ಕ ಎಲ್ಲಿಗೆ ಹೋಗ್ತೇತಿ? ರಶೀದಿಯಾಗ ಮನಿ ಕರದ ಕೆಳಗ ಗ್ರಂಥಾಲಯ ಕರ ಅಂತ ಒಂದು ಸಾಲು ಇರ್ತೇತಿ, ಇಷ್ಟು ವರ್ಷ ಕಟ್ಟೇವಿ, ಅದರಾಗ ನಮಗೇನು ಸಿಕ್ಕೇತಿ ಅಂದ್ರು. ಇದೂ ನ್ಯಾಯದ ಪ್ರಶ್ನಿನ. ಗ್ರಾಮೀಣ ಗ್ರಂಥಾಲಯಗಳು 2019ರಾಗ ಪಂಚಾಯತ್ ರಾಜ್ ಇಲಾಖೆ ಕೈಗೆ ಬಂದ್ವು, ಈಗ ಅರಿವು ಕೇಂದ್ರ ಅಂತ ಕರೀತಾರ. ಹಂಗಾದ್ರ ರಾತ್ರಿ ಸಾಲಿ ಅರಿವು ಕೇಂದ್ರದಾಗ ನಡೀಲಿ, ಕಲತವ್ರಿಗೆ ಓದಾಕ ಅಲ್ಲೇ ಪುಸ್ತಕ ಪೇಪರ್ ಸಿಗ್ತಾವ ಅಂತ ನಿರ್ಧಾರ ಆತು. ಹಿಂದಿನ ಸಲ ಕಲತವ್ರು ಮರತದ್ದಕ್ಕ ಇದು ಒಂದು ಔಷಧ ಆತು, ಯಾರೂ ಮೊದಲ ಯೋಚನಿ ಮಾಡಿ ಮಾಡಿದ್ದಲ್ಲ, ಕರ ಕಟ್ಟೋ ಮಂದಿ ಕೇಳಿದ್ದಕ್ಕ ಆದದ್ದು.

ನಡದ ರೀತಿ

2022ರಾಗ ಸುರು ಆತು. ಅಕ್ಕಾರಿಗೆ ತಿಂಗಳಿಗೆ 3,000 ರೂಪಾಯಿ, ಒಕ್ಕೂಟದ ಖಾತೆ ಮೂಲಕ. ಪುಸ್ತಕ, ಪಾಟಿ, ಪೆನ್ನು, ಕರೆಂಟು ಎಲ್ಲಾ ಹಿಡದು ವರ್ಷಕ್ಕ ಸುಮಾರು 55,000 ಖರ್ಚು. ಹೆಸರು ಹಚ್ಚಿದವ್ರು ನಲವತ್ತರ ಆಸುಪಾಸು, ಬಹುತೇಕ ಹೆಣ್ಮಕ್ಕಳು, ಗಂಡಸರು ಬೆರಳೆಣಿಕಿ. ಒಬ್ಬರಿಗೆ ವರ್ಷಕ್ಕ ಅಂದಾಜು 1,400 ರೂಪಾಯಿ ಬಿತ್ತು.

ಅಕ್ಕಾರು ಪ್ರೈಮರ್ (ಅಕ್ಷರ ಕಲಿಸೋ ಮೊದಲ ಪುಸ್ತಕ) ಬಿಡ್ಲಿಲ್ಲ, ಆದ್ರ ಅದರ ಜೋಡಿ ಊರಿನ ಕಾಗದಾನ ಪಾಠ ಮಾಡಿದ್ರು. ಸಂಘದ ಪಾಸ್‌ಬುಕ್, ಕರದ ರಶೀದಿ, ರೇಷನ್ ಚೀಟಿ, ಎಪಿಎಂಸಿ ತೂಕದ ಚೀಟಿ. 2023ರಾಗ ಗೃಹಲಕ್ಷ್ಮಿ 2,000 ಬರಾಕ ಸುರು ಆದ ಮ್ಯಾಲೆ ಬ್ಯಾಂಕಿನ ಮೆಸೇಜ್ ಓದೋದು ಕಲಸ್ರಿ ಅಂತ ಅವ್ರಾಗೆ ಕೇಳಿದ್ರು, ಆ ತಿಂಗಳು ಹೊಸಬರು ಬಂದು ಸೇರಿದ್ರು. ಒಬ್ಬ ಅಜ್ಜಿ ಹಾವೇರಿಗೆ ಮಗಳ ಊರಿಗೆ ಹೋಗೋ ಬಸ್ಸಿನ ಬೋರ್ಡ್ ಓದಾಕ ಬಂದ್ರ ಸಾಕವಾ ಅಂತಿದ್ಲು, ಬೋರ್ಡ್ ಓದಾಕ ಬಂದ ಮ್ಯಾಲೂ ಬಿಡ್ಲಿಲ್ಲ.

ಸುಗ್ಗಿ ಬಂದ್ರ ಹಾಜರಿ ಬೀಳ್ತಿತ್ತು. ಆಗಸ್ಟಿನಾಗ ಹೆಸರು ಬಿಡಸೋ ಹೊತ್ತು, ಮುಂದ ಹತ್ತಿ ಬಿಡಸೋ ಹೊತ್ತು, ಹೊಲದಿಂದ ಬಂದು ರೊಟ್ಟಿ ಬಡದು ಬಿದ್ದಕೊಂಡ್ರ ಸಾಕು ಅನಸ್ತೇತಿ. ಮೊದಲ ವರ್ಷ ಹಾಜರಿ ಕಡಿಮಿ ಆತು ಅಂತ ಗೌರವಧನ ಕಡಿಮಿ ಮಾಡೂಣು ಅನ್ನೋ ಮಾತು ಬಂತು. ಒಕ್ಕೂಟದವ್ರು ಒಪ್ಪಲಿಲ್ಲ, ಅದರ ಬದಲಿ ಸುಗ್ಗಿ ತಿಂಗಳದಾಗ ವಾರಕ್ಕ ಎರಡ ದಿನ ಕ್ಲಾಸು, ಬ್ಯಾಸಗಿಯಾಗ ಆರೂ ದಿನ ಅಂತ ಬದಲಿ ಮಾಡಿದ್ರು. ಪಗಾರ ಅಷ್ಟ. ಬಾಳ ಶಾಣ್ಯಾತನದ ನಿರ್ಧಾರ ಇದು, ಕಲಸಾಕಿ ಹಸದ್ರ ಕಲಿಯೋರು ಉಳಿಯೂದಿಲ್ಲ.

ಆಡಿಟ್

ಎರಡನೇ ವರ್ಷ ಆಡಿಟ್‌ನಾಗ ಆಕ್ಷೇಪಣೆ ಬಂತು: ಅನುಮೋದಿತ ಹುದ್ದೆ ಇಲ್ಲದೆ ಸಿಬ್ಬಂದಿಗೆ ವೇತನ ಪಾವತಿ ಮಾಡೇರಿ. ಪಿಡಿಒ ಮೇಡಂ ವರ್ಗ ಆಗಿ ಹೋಗಿದ್ರು, ಹೊಸಾದಾಗಿ ಬಂದವ್ರು ಅಂಜಿ ಪಾವತಿ ನಿಲ್ಲಿಸಿದ್ರು. ಅವ್ರಿಗೂ ತಪ್ಪು ಹೇಳಾಕ ಆಗೂದಿಲ್ಲ, ಆಕ್ಷೇಪಣೆ ಉಳದ್ರ ವಸೂಲಿ ಅವ್ರ ತಲಿಗೆ ಬರ್ತೇತಿ. ಅಕ್ಕಾರು ಪಗಾರ ಇಲ್ಲದ ಸ್ವಲ್ಪ ದಿನ ನಡಿಸಿದ್ರು, ಆಮ್ಯಾಲೆ ಮನಿಯವ್ರು ಬಿಡ್ಲಿಲ್ಲ. ಹಾಜರಿ ಅರ್ಧಕ್ಕ ಇಳೀತು, ಹಿಂದಿನ ಸಲ ಹೆಂಗ ಮುಚ್ಚಿತ್ತೋ ಹಂಗ ಮುಚ್ಚತೇತಿ ಅಂತ ಊರಾಗ ಮಾತಾಡಾಕ ಸುರು ಮಾಡಿದ್ರು.

ಬಿಡಿಸಿದ್ದು ಕಾಗದದಿಂದ. ಹಳೇ ಠರಾವಿನಾಗ "ಸಾಕ್ಷರತಾ ಶಿಕ್ಷಕಿಗೆ ಸಂಬಳ" ಅಂತ ಬರದಿದ್ರು. ಹೊಸಾ ಠರಾವು ಮಾಡಿ, 11ನೇ ಅನುಸೂಚಿಯ 19ನೇ ವಿಷಯ ಉಲ್ಲೇಖ ಮಾಡಿ, ಒಕ್ಕೂಟದ ಜೋಡಿ ವರ್ಷದ ಒಪ್ಪಂದ ಮಾಡಕೊಂಡ್ರು: ಕೇಂದ್ರ ನಡಿಸೋ ಜವಾಬ್ದಾರಿ ಒಕ್ಕೂಟದ್ದು, ಪಂಚಾಯ್ತಿ ಆ ಸೇವಾಕ್ಕ ಪಾವತಿ ಮಾಡ್ತೇತಿ, ಪ್ರತಿ ತಿಂಗಳ ಬಿಲ್ಲಿಗೆ ಹಾಜರಿ ಪ್ರತಿ ಹಚ್ಚಬೇಕು. ಇದನ್ನ ಗ್ರಾಮಸಭಾದಾಗ ಓದಿ, ಕ್ರಿಯಾ ಯೋಜನೆಯಾಗ ಸೇರಿಸಿ, ವಾರ್ಷಿಕ ಬಜೆಟ್ಟಿನಾಗ ಬ್ಯಾರೆ ಬಾಬ್ತು ತಗದ್ರು. ಆಕ್ಷೇಪಣೆ ತೆರವಾತು, ಬಾಕಿ ಉಳದಿದ್ದು ಕೊಟ್ರು, ಸಾಲಿ ಮತ್ತ ತುಂಬ್ತು. ಬ್ಯಾರೆ ಪಂಚಾಯ್ತಿಯವ್ರು ಈ ಕೆಲಸ ಮೊದಲ ದಿನಾನ ಮಾಡಬೇಕು, ರೊಕ್ಕ ಕೊಡಾಕ ಸುರು ಮಾಡಿದ ಮ್ಯಾಲೆ ಅಲ್ಲ. ಸರ್ಕಾರ ರೊಕ್ಕ ಕೊಟ್ಟು ಸಂಘ ಸಂಸ್ಥೆ ಕೈಯಾಗ ಸಾಲಿ ನಡಸೋ ಪದ್ಧತಿ ಆಫ್ರಿಕಾದ ಸೆನೆಗಲ್ ದೇಶ 1990ರ ದಶಕದಾಗ ದೊಡ್ಡ ಪ್ರಮಾಣದಾಗ ಮಾಡಿತ್ತು, ಈ ಊರಿನವ್ರಿಗೆ ಅದು ಗೊತ್ತಿರ್ಲಿಲ್ಲ, ಆಡಿಟ್‌ಗೆ ಉತ್ತರ ಹುಡುಕೋವಾಗ ತಾವ ಅಲ್ಲಿಗೆ ಹೋಗಿ ಮುಟ್ಟಿದ್ರು.

ಇದರ ನಡುವ ಕೇಂದ್ರ ಸರ್ಕಾರದ ಹೊಸಾ ಸಾಕ್ಷರತಾ ಕಾರ್ಯಕ್ರಮ ಉಲ್ಲಾಸ್ ಬಂತು, 2022ರಿಂದ 2027ರ ತನಕ. ಅಕ್ಕಾರನ್ನ ಅದರ ಆ್ಯಪ್‌ನಾಗ ಸ್ವಯಂಸೇವಕಿ ಅಂತ ನೋಂದಣಿ ಮಾಡಿ, ಕಲಿಯೋರ ಹೆಸರೂ ಹಾಕಿದ್ರು. ಓದು, ಬರಹ, ಲೆಕ್ಕ ಐವತ್ತೈವತ್ತರಂಗ 150 ಮಾರ್ಕಿನ ಪರೀಕ್ಷಾ, ಕುಂತವ್ರೊಳಗ ಬಾಳ ಮಂದಿ ಪಾಸಾದ್ರು. ಪುಸ್ತಕ, ಪರೀಕ್ಷಾ, ಸರ್ಟಿಫಿಕೇಟ್ ಆ ಕಡಿಂದ, ಬಾಗಿಲು ತಗಿಯಾಕಿ ಪಗಾರ ಈ ಕಡಿಂದ. ಎರಡೂ ಕೂಡಿದ್ದಕ್ಕ ನಡೀತು.

ಲೆಕ್ಕ ಏನು ಹೇಳ್ತೇತಿ

ಉಲ್ಲಾಸ್‌ಗೆ ಐದು ವರ್ಷಕ್ಕ ಇಟ್ಟ ರೊಕ್ಕ 1,037.90 ಕೋಟಿ, ಅದರಾಗ ಕೇಂದ್ರ ಸರ್ಕಾರದ ಪಾಲು 700 ಕೋಟಿ. ಗುರಿ ಐದು ಕೋಟಿ ಮಂದಿ. ಭಾಗಾಕಾರ ಮಾಡ್ರಿ, ಒಬ್ಬರಿಗೆ ಸುಮಾರು 208 ರೂಪಾಯಿ. ಈ ಪಂಚಾಯ್ತಿ ತನ್ನ ಬಡ ಗಂಟಿನಾಗ ಒಂದು ವರ್ಷಕ್ಕ ಒಬ್ಬರ ಮ್ಯಾಲೆ ಹಾಕಿದ್ದು ಅದರ ಆರು ಪಟ್ಟಿಗಿಂತ ಹೆಚ್ಚು, ಅದೂ ಅಕ್ಕಾರಿಗೆ ಕೊಟ್ಟ ಪಗಾರ ಒಂದು ದಿನದ ಕೂಲಿ ಲೆಕ್ಕಕ್ಕ ಬಾಳ ಕಡಿಮಿ ಇದ್ದಾಗ. 2005ರಾಗ ಆ್ಯಕ್ಷನ್ ಏಡ್ ಸಂಸ್ಥೆ ಮತ್ತ ಶಿಕ್ಷಣಕ್ಕಾಗಿ ಜಾಗತಿಕ ಅಭಿಯಾನದವ್ರು ಬ್ಯಾರೆ ಬ್ಯಾರೆ ದೇಶದ ಅನುಭವ ಕೂಡಿಸಿ ಒಂದು ಅಳತಿ ಹೇಳಿದ್ರು: ಒಬ್ಬರಿಗೆ ವರ್ಷಕ್ಕ 50ರಿಂದ 100 ಡಾಲರ್, ಕಡಿಮಿ ಅಂದ್ರ ಮೂರು ವರ್ಷ, ದೇಶದ ಶಿಕ್ಷಣ ಬಜೆಟ್ಟಿನಾಗ ವಯಸ್ಕ ಸಾಕ್ಷರತೆಗೆ ಕನಿಷ್ಠ ಶೇ 3. ಆದ್ರ ಯುನೆಸ್ಕೋದ 2019ರ ಜಾಗತಿಕ ವರದಿಯಾಗ ಉತ್ತರ ಕೊಟ್ಟ ದೇಶಗಳೊಳಗ ಹತ್ತತ್ರ ಮೂರನೇ ಒಂದು ಭಾಗ ಶಿಕ್ಷಣ ಬಜೆಟ್ಟಿನ ಶೇ 1ಕ್ಕಿಂತ ಕಡಿಮಿ ಇದಕ್ಕ ಕೊಡಾಕತ್ತಿದ್ವು. ಪಕ್ಕದ ಬಾಂಗ್ಲಾದೇಶ 2003ರಾಗ ಅನೌಪಚಾರಿಕ ಶಿಕ್ಷಣದ ನಿರ್ದೇಶನಾಲಯಾನ ಮುಚ್ಚಿ, ಎರಡು ವರ್ಷ ಬಿಟ್ಟು ಬ್ಯಾರೆ ಹೆಸರಿನಾಗ ಮತ್ತ ತಗೀತು. ಈ ಊರ ಕೇಂದ್ರಕ್ಕ ಕೀಲಿ ಬಿದ್ದದ್ದೂ, ಅಲ್ಲಿ ಇಡೀ ಇಲಾಖಾಕ್ಕ ಬಿದ್ದದ್ದೂ ಒಂದ ಕಾರಣಕ್ಕ: ದೊಡ್ಡವರ ಓದನ್ನ ವರ್ಷಾ ವರ್ಷಾ ನಡಿಯೋ ಕೆಲಸ ಅಂತ ಯಾರೂ ಬಜೆಟ್ಟಿನಾಗ ಬರಿಯೂದಿಲ್ಲ, ಸುರುವಾಗಿ ಮುಗಿಯೋ ಯೋಜನಾ ಅಂತ ಬರೀತಾರ. 2011ರ ಜನಗಣತಿಯಾಗ ಕರ್ನಾಟಕದ ಹೆಣ್ಮಕ್ಕಳ ಸಾಕ್ಷರತೆ ಶೇ 68.08 ಇತ್ತು, ಉಳದವ್ರು ಯಾರಂತ ಹುಡುಕಾಕ ದೂರ ಹೋಗಬೇಕಿಲ್ಲ, ಖಾತ್ರಿ ಕೆಲಸದ ಜಾಗಾಕ್ಕ ಹೋದ್ರ ಸಿಗ್ತಾರ.

ಇನ್ನ ಒಂದು ಮಾತು ಸ್ಪಷ್ಟ ಹೇಳಬೇಕು. ಸ್ವಂತ ಕರದ ರೊಕ್ಕದಾಗ ಆತು ಅಂದ ಕೂಡಲೇ ಎಲ್ಲಾ ಪಂಚಾಯ್ತಿನೂ ಹಿಂಗ ಮಾಡ್ಲಿ, ಸರ್ಕಾರ ಕೊಡಬೇಕಾಗಿಲ್ಲ ಅನ್ನೋ ಅರ್ಥ ಯಾರೂ ತಗೋಬಾರದು. ಇದೇ ಪಂಚಾಯ್ತಿಯ ಮೂರನೇ ಹಳ್ಳಿ ಸಣ್ಣದು, ಮನಿ ಕಡಿಮಿ, ದುಡ್ಯಾಕ ಹೊರಗ ಹೋದವ್ರು ಹೆಚ್ಚು, ಕರ ವಸೂಲಿ ಆಗೋದು ಅಷ್ಟಕ್ಕಷ್ಟ, ಅಕ್ಷರ ಬರದವ್ರು ಅಲ್ಲೇ ಎಲ್ಲಾಕ್ಕಿಂತ ಜಾಸ್ತಿ. ವಸೂಲಿ ಆದಷ್ಟು ಸಾಲಿ ಅನ್ನೋ ನಿಯಮ ಇಟ್ರ ಆ ಹಳ್ಳಿಗೆ ಎಂದೂ ಸಾಲಿ ಸಿಗೂದಿಲ್ಲ. ಅಲ್ಲಿಯ ಹೆಣ್ಮಕ್ಕಳು ರಾತ್ರಿ ನಡಕೊಂಡು ದೊಡ್ಡ ಊರಿಗೆ ಬರೋದು ಆಗದ ಮಾತು.

ಸದ್ಯ ದೊಡ್ಡ ಊರಿನ ಕೇಂದ್ರ ನಡದೈತಿ, ಸದಸ್ಯರ ಅವಧಿ ಮುಗಿಯೋ ಮುಂಚೆ ಮುಂದಿನ ವರ್ಷದ ಬಜೆಟ್ಟಿನಾಗ ಬಾಬ್ತು ಇಟ್ಟು ಹೋಗಬೇಕಂತ ಠರಾವು ಮಾಡ್ಯಾರ, ಅಕ್ಕಾರ ಗೌರವಧನ 4,000 ಮಾಡ್ಯಾರ. ಹಿರಿಯಾರ ಓಣಿ ಗಟಾರ ಅರ್ಧ ಆಗೇತಿ. ಮೂರನೇ ಹಳ್ಳಿಗೆ ಕಲಸಾಕ ಅಲ್ಲೇದ ಪಿಯುಸಿ ಆದ ಸೊಸಿಯೊಬ್ಬಾಕಿ ತಯಾರಾಗ್ಯಾಳ. ಪಂಚಾಯ್ತಿ ಅರ್ಧ ಹಾಕ್ತೇತಿ, ಉಳದ ಅರ್ಧ ಮ್ಯಾಲಿಂದ ಕೊಡ್ರಿ ಅಂತ ತಾಲೂಕಿಗೆ, ಜಿಲ್ಲಾಕ್ಕ ಠರಾವಿನ ಪ್ರತಿ ಹಚ್ಚಿ ಬರದಾರ. ಇನ್ನೂ ಮಂಜೂರಾಗಿಲ್ಲ, ಪಾಟಿ ಪುಸ್ತಕ ಮಾತ್ರ ಆ ಹಳ್ಳಿ ಅಂಗನವಾಡಿಗೆ ಮುಟ್ಟಿಸ್ಯಾರ.